ಗೆರೆ ಉಂಟು, ಚುಕ್ಕೆ ಕಾಣುವುದಿಲ್ಲ

ಈ ಕಥೆಯನ್ನು ಜೇಡದಿಂದ ಶುರುಮಾಡಬೇಕೋ ಹುಲ್ಲಿನಿಂದ ಶುರುಮಾಡಬೇಕೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಜೇಡದಿಂದ ಶುರುಮಾಡಿದರೆ ನಿಮ್ಮಲ್ಲಿ ಕೆಲವರು ಹೆದರುತ್ತೀರಿ. ಹೆದರದವರು ಇದೇನೋ ಸಂಕೇತವಿರಬೇಕು ಎಂದು ಕನ್ನಡಕ ಏರಿಸಿಕೊಳ್ಳುತ್ತೀರಿ. ಸಂಕೇತ ಅಲ್ಲ ಮಾರಾಯ್ರೆ, ಜೇಡ. ಎಂಟು ಕಾಲು, ಬೂದುಗಪ್ಪು ಮೈ, ಹೊಟ್ಟೆಯ ಮೇಲೊಂದು ಬಿಳಿ ಗೆರೆ. ಹುಲ್ಲಿನಿಂದ ಶುರುಮಾಡೋಣವೆಂದರೆ ನನಗೆ ನನ್ನ ಮೇಲೆಯೇ ನಂಬಿಕೆಯಿಲ್ಲ. ಹುಲ್ಲು, ದನ, ಗೊಬ್ಬರದ ಗುಂಡಿ ಎಂದರೆ ನನ್ನ ಕೈ ತಾನಾಗಿ ನಿಧಾನವಾಗುತ್ತದೆ. ಹಿಂದೊಮ್ಮೆ ಎಮ್ಮೆಯೊಂದು ಕೊಟ್ಟಿಗೆಯಿಂದ ಹೊರಗೆ ಬರುವುದನ್ನು ಬರೆಯಹೊರಟರೆ, ಅಧ್ಯಾಯ ಮುಗಿದರೂ ಅದರ ಹಿಂಗಾಲು ಒಳಗೇ ಉಳಿದಿತ್ತು.

ಕೈಬಿಟ್ಟ ಆರಂಭಗಳು:

'ಅಮೆರಿಕದ ವಿಶಾಲ ಬಯಲಿನಲ್ಲಿ ಸೂರ್ಯ ಹುಟ್ಟುತ್ತಿದ್ದ.' (ನಾನು ಅಮೆರಿಕ ನೋಡಿಲ್ಲ. ಸರ್ವೋತ್ತಮನೂ ನೋಡಿಲ್ಲ. ಜೇಡ ನೋಡಿದೆ, ಆದರೆ ಅದು ಮಾತಾಡುವುದಿಲ್ಲ.)

'ಮರಳುಗಾಡಿನಲ್ಲಿ ಒಂಟೆಯೊಂದು ನಿಟ್ಟುಸಿರಿಟ್ಟಿತು.' (ದುಬೈ ಎಂದ ಕೂಡಲೇ ಒಂಟೆ ಬಂದು ನಿಲ್ಲುತ್ತದೆ ನೋಡಿ. ಈ ಕಥೆಯಲ್ಲಿ ಒಂಟೆಯ ಮೇವು ಉಂಟು, ಒಂಟೆ ಇಲ್ಲ.)

ಆದ್ದರಿಂದ ಬಾಗಿಲಿನಿಂದ.

೧

ಕಂಟೈನರಿನ ಬಾಗಿಲು. ದುಬೈಯ ಜೆಬೆಲ್ ಅಲಿ ಬಂದರಿನ ಒಂದು ಮೇವಿನ ಗೋದಾಮು. ಎಲ್ಲರ ಫೋನಿಗೂ ವಾಟ್ಸಾಪ್ ಹೊಸದಾಗಿ ಬಂದು, ಊರಿನವರೆಲ್ಲ ಬೆಳಗಾದರೆ ಹೂವಿನ ಚಿತ್ರ ಕಳಿಸುತ್ತಿದ್ದ ಕಾಲ. ಗೋದಾಮಿನ ಉಸ್ತುವಾರಿ ಸರ್ವೋತ್ತಮನದು. ಹಿರಿಯಡ್ಕದ ಕಡೆಯವನು; ಈಗ ಹೆಂಡತಿ ಅಮಿತಾ ಮತ್ತು ಮಗಳು ಅಕ್ಷಿತಾಳ ಜೊತೆ ಅಲ್ ಕುಸೈಸಿನಲ್ಲಿ ಮನೆ. ಮಾಲಕರು ಭಟ್ಕಳದ ಇಸ್ಮತುಲ್ಲಾ ಸಾಹೇಬರು. ಅವರ ಆಫೀಸು ಜುಮೇರಾ ಲೇಕ್ ಟವರ್ಸಿನ ಬಲು ಎತ್ತರದ ಮಾಳಿಗೆಯಲ್ಲಿ. ಗೋದಾಮಿಗೆ ಅವರ ದನಿ ಬರುತ್ತದೆ, ಅವರು ಬರುವುದು ಅಪರೂಪ.

ಬಾಗಿಲು ತೆಗೆದರೆ ಒಳಗೆ ಅಮೆರಿಕದ ಒಣಹುಲ್ಲು. ಅಲ್ಫಾಲ್ಫಾ ಎಂಬ ಸೊಪ್ಪಿನ ಜಾತಿಯದ್ದು. ಅದನ್ನು ಯಂತ್ರದಲ್ಲಿ ಒತ್ತಿ, ಕಟ್ಟು ಕಟ್ಟಿ, ಹಡಗಿಗೇರಿಸಿ ಕಳಿಸುತ್ತಾರೆ. ಬಾಗಿಲು ತೆರೆದ ಕ್ಷಣ ಬರುವ ಪರಿಮಳಕ್ಕೆ ಸರ್ವೋತ್ತಮ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾನೆ. ಬೈಹುಲ್ಲಿನ ವಾಸನೆಯಲ್ಲ ಇದು. ಚಹಾಪುಡಿಗೆ ಸ್ವಲ್ಪ ಬೆಲ್ಲ ಬೆರೆಸಿ ಬಿಸಿಲಲ್ಲಿಟ್ಟಂತೆ. ಹಸಿರು ಇನ್ನೂ ಮಾಸಿರುವುದಿಲ್ಲ. ಕಟ್ಟಿನ ಅಂಚಿಗೆ ಕೈ ಇಟ್ಟರೆ ಒಳಗಿನಿಂದ ಸಣ್ಣ ಬಿಸಿ...

(ನೋಡಿದಿರಾ. ಹೊರಟೆ. ಮುಂದಿನ ಎರಡು ಪುಟ ಅಳಿಸಿದ್ದೇನೆ.)

ಹುಲ್ಲಿನ ಜೊತೆ ಜೇಡವೂ ಬರುತ್ತದೆ. ಹೊಗೆ ಹಾಕಿ ಕಳಿಸಿದರೂ ಒಂದೋ ಎರಡೋ ಬದುಕಿ ಬರುತ್ತವೆ. ಇವು ಬಲೆ ಹೆಣೆದು ಕಾದು ಕೂರುವ ಜಾತಿಯಲ್ಲ. ನೆಲದ ಮೇಲೆ ಓಡಿ ಬೇಟೆಯಾಡುವವು. ಹಗಲೆಲ್ಲ ಹುಲ್ಲಿನಡಿ, ಕಲ್ಲಿನಡಿ ಮುದುಡಿಕೊಂಡಿರುತ್ತವೆ. ಬೇರೊಂದು ಗೋದಾಮಿನಲ್ಲಿ ಯಾರೋ ಜೇಡ ಕಂಡು ಕಿರುಚಿ ಕಂಟೈನರಿನಿಂದ ಹಾರಿ ಕಾಲು ಉಳುಕಿಸಿಕೊಂಡ ಮೇಲೆ, ಹುಲ್ಲು ಮಾರುವ ಅಮೆರಿಕದವರು ಒಂದು ಬಣ್ಣದ ಪಟ ಕಳಿಸಿದ್ದರು. ನಮ್ಮ ಹೊಲದ ನೆಲಜೇಡಗಳು ಇವು, ಹೊಟ್ಟೆಯ ಮೇಲಿನ ಗುರುತು ನೋಡಿ ಯಾವುದೆಂದು ತಿಳಿದುಕೊಳ್ಳಿ, ಗಾಬರಿ ಬೇಡ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಸರ್ವೋತ್ತಮ ಅದನ್ನು ಲ್ಯಾಮಿನೇಟ್ ಮಾಡಿಸಿ ಬಾಗಿಲ ಪಕ್ಕದಲ್ಲಿ ತೂಗುಹಾಕಿದ.

ಪಟ ನೋಡಲು ಮೊದಲು ಬಂದವರು ಇಬ್ಬರು. ಫೋರ್ಕ್‌ಲಿಫ್ಟ್ ಓಡಿಸುವ ಕಿನ್ನಿಗೋಳಿಯ ಆನ್ಸೆಲ್ಮ್. ಮತ್ತು ಕಟ್ಟು ಇಳಿಸುವವರ ಮುಂದಾಳು, ಕಟಪಾಡಿಯ ಕೊರಗಪ್ಪ. ಕಂಟೈನರಿಗೆ ಮೊದಲು ಕೈ ಹಾಕುವವನು ಯಾವಾಗಲೂ ಕೊರಗಪ್ಪನೇ. ಅವನು ಕೈ ಹಾಕದ ಕಂಟೈನರಿಗೆ ಉಳಿದವರು ಹತ್ತುವುದಿಲ್ಲ. ಯಾರೂ ಮಾಡಿದ ನಿಯಮವಲ್ಲ, ಹಾಗೆ ನಡೆದುಬಂದದ್ದು.

"ಇದು ಪಾದ್ರಿ," ಎಂದ ಆನ್ಸೆಲ್ಮ್, ಬೂದುಗಪ್ಪು ಜೇಡದ ಮೇಲೆ ಬೆರಳಿಟ್ಟು. "ಪಾರ್ಸನ್ ಸ್ಪೈಡರ್ ಅಂತ ಅಡಿಯಲ್ಲೇ ಬರ್ದಿದ್ದಾರಲ್ಲ. ಪಾರ್ಸನ್ ಅಂದ್ರೆ ಪಾದ್ರಿ. ಕುತ್ತಿಗೆಯಿಂದ ಬಿಳಿ ಪಟ್ಟಿ ಇಳಿದಿದೆ ನೋಡಿ. ನಮ್ಮ ಪೈಕಿ."

"ಎಂತ ಪಾದ್ರಿ?" ಎಂದ ಕೊರಗಪ್ಪ. ಅವನು ಊರಿನಲ್ಲಿ ಬಹಳ ವರ್ಷ ಉಡುಪಿ ಪೇಟೆಯ ಹೋಟೆಲಿನಲ್ಲಿ ಬಡಿಸುವ ಕೆಲಸದಲ್ಲಿದ್ದವನು. ಹಣೆಗೆ ಇದ್ದಿಲಿನ ಕಪ್ಪು ಗೆರೆ, ಅದರ ಕೆಳಗೆ ಚುಕ್ಕೆ ಇಡುವ ಭಟ್ಟರುಗಳನ್ನು ಹತ್ತಿರದಿಂದ ಕಂಡವನು. "ಉದ್ದಕ್ಕೆ ಗೆರೆ ನೋಡು. ಗೆರೆಯ ಕೆಳಗೆ ಬೇರೆಯೇ ಒಂದು ಚುಕ್ಕೆ ನೋಡು. ಗೆರೆ ಅಂಗಾರ, ಚುಕ್ಕೆ ಅಕ್ಷತೆ. ಇದು ನಮ್ಮ ಉಡುಪಿ ಭಟ್ರು."

"ಬಿಳಿ ಅಂಗಾರವಾ?"

"ಅಮೆರಿಕದಲ್ಲಿ ಇದ್ದಿಲು ಸಿಕ್ಕಿರ್ಲಿಕ್ಕಿಲ್ಲ."

(ಇವರು ಮಾತಾಡಿದ್ದು ತುಳುವಿನಲ್ಲಿ. ಆನ್ಸೆಲ್ಮ್ ಮನೆಯಲ್ಲಿ ಕೊಂಕಣಿ, ಗೋದಾಮಿನಲ್ಲಿ ತುಳು, ಸಿಟ್ಟು ಬಂದಾಗ ಹಿಂದಿ. ನಾನು ನಿಮಗಾಗಿ ಕನ್ನಡ ಮಾಡಿದ್ದೇನೆ. ಕೊರಗಪ್ಪನಿಗೆ ನನ್ನ ಕನ್ನಡದ ಬಗ್ಗೆ ತಕರಾರು ಉಂಟು; ಅದು ಮುಂದೆ ಬರುತ್ತದೆ.)

ಅಂದಿನಿಂದ ಪಟದ ಇಂಗ್ಲಿಷ್ ಯಾರೂ ಓದಲಿಲ್ಲ. ಹೊಟ್ಟೆಯ ಮೇಲೆ ಅಡ್ಡಕ್ಕೆ ಬಿಳಿ ಪಟ್ಟೆಗಳಿರುವ, ಮುಂಭಾಗ ಕೆಂಚಾಗಿರುವ ಚಂದದ ಜೇಡ 'ವಿಭೂತಿ'. ಬಿಳಿ ಮೈಗೆ ಉದ್ದಕ್ಕೆ ಎರಡು ಕಪ್ಪು ಗೆರೆಯುಳ್ಳದ್ದು, ಆನ್ಸೆಲ್ಮನ ಒತ್ತಾಯದ ಮೇರೆಗೆ, 'ಟ್ರ್ಯಾಕ್ ಪ್ಯಾಂಟ್'. ಯಾವ ಗುರುತೂ ಇಲ್ಲದೆ ಬರೀ ಕಪ್ಪಗೆ ಮಿರಮಿರನೆ ಹೊಳೆಯುವುದು 'ನಾಸ್ತಿಕ'. ಪಟದ ತುದಿಯಲ್ಲಿ ಕೆಂಪು ಚೌಕದೊಳಗೆ, ನೆಲಜೇಡವಲ್ಲದಿದ್ದರೂ ಎಚ್ಚರಿಕೆಗೆಂದು ಹಾಕಿದ್ದ ಎರಡು ವಿಷದವು ಇದ್ದವು: ಹೊಟ್ಟೆಯಡಿ ಕೆಂಪು ಗುರುತಿನದೊಂದು, ಬೆನ್ನಿನ ಮೇಲೆ ಪಿಟೀಲಿನ ಗುರುತಿದ್ದು ಹೊಟ್ಟೆ ಬೋಳಾಗಿರುವ ಕಂದು ಬಣ್ಣದ್ದೊಂದು. ಅವಕ್ಕೆ ಯಾರೂ ಹೆಸರಿಡಲಿಲ್ಲ.

ಸರ್ವೋತ್ತಮನ ನಿಯಮ ಸರಳವಾಗಿತ್ತು. ಗೆರೆ ಚುಕ್ಕೆ ಎರಡೂ ಇದ್ದರೆ ಭಟ್ರು, ತೊಂದರೆಯಿಲ್ಲ. ರಟ್ಟಿನ ಮೇಲೆ ಹತ್ತಿಸಿಕೊಂಡು ಬಾಟಲಿಗೆ ಬಿಡುವುದು, ಕೀಟ ನಿಯಂತ್ರಣದವರು ಬಂದಾಗ ಕೊಡುವುದು. ಬೇರೆ ಏನೇ ಇದ್ದರೂ ಕೈ ದೂರ, ಉದ್ದದ ಕೋಲು. ಜೇಡ ಬಂದಿತೆಂದರೆ ಹಿಂದಿನಿಂದ ಯಾರಾದರೂ "ಗೆರೆ?" ಎನ್ನುವರು, ಕೊರಗಪ್ಪ "ಉಂಟು" ಎನ್ನುವನು. "ಚುಕ್ಕೆ?" "ಉಂಟು." "ಹಾಗಾದ್ರೆ ನಮಸ್ಕಾರ."

೨

ಇಲ್ಲಿ ಸರ್ವೋತ್ತಮ ಒಂದು ತಮಾಷೆ ಮಾಡಿದ. ಈ ಕಥೆಯಲ್ಲಿ ನಡೆಯುವುದಕ್ಕೆಲ್ಲ ಅದೇ ಕಾರಣ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಆ ವಾರದ ಆರಂಭದಲ್ಲಿ ಒಂದು ಮಧ್ಯಾಹ್ನ. ಅಮಿತಾ ಕಟ್ಟಿಕೊಟ್ಟ ಡಬ್ಬಿ ಬಿಚ್ಚಿ ಸರ್ವೋತ್ತಮ ಅನ್ನಕ್ಕೆ ಬಸಳೆಯ ಸಾರು ಕಲಸುತ್ತಿದ್ದ. ಕೊರಗಪ್ಪ ಬಂದು ಬಾಗಿಲಲ್ಲಿ ನಿಂತ.

"ಸರ್ವಣ್ಣ, ಒಬ್ರು ಬಂದಿದ್ದಾರೆ. ಗೆರೆ ಉಂಟು. ಚುಕ್ಕೆ ಕಾಣುವುದಿಲ್ಲ."

ಬಾಯಲ್ಲಿ ತುತ್ತಿತ್ತು. ಸರ್ವೋತ್ತಮ ತುತ್ತು ಒಂದು ಕಡೆಗೆ ತಳ್ಳಿ ಹೇಳಿದ: "ಊಟ ಆಗಿರ್ಲಿಕ್ಕಿಲ್ಲ ಮಾರಾಯ. ಊಟ ಆದ ಮೇಲೆ ಅಲ್ವಾ ಅಕ್ಷತೆ ಇಡುವುದು."

ಪಕ್ಕದಲ್ಲಿ ಉಣ್ಣುತ್ತಿದ್ದ ಆನ್ಸೆಲ್ಮ್ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡ. ಕೊರಗಪ್ಪನೂ ನಕ್ಕ. ಹೌದಲ್ಲ, ಅವನು ಬಡಿಸುವ ಕಾಲದಲ್ಲಿ ದಿನಾ ಕಂಡದ್ದೇ: ಊಟಕ್ಕೆ ಮುಂಚೆ ಹಣೆಯಲ್ಲಿ ಗೆರೆ ಮಾತ್ರ, ಊಟವಾದ ಮೇಲೆ ಕೆಳಗೆ ಚುಕ್ಕೆ. ಏಕಾದಶಿಯ ದಿನವಂತೂ ಚುಕ್ಕೆಯೇ ಇಲ್ಲ. ಅಂದಿನ ಜೇಡ ಅಷ್ಟರಲ್ಲಿ ಕಟ್ಟಿನ ಸಂದಿಗೆ ನುಸುಳಿ ಹೋಗಿತ್ತು. ಮಾತು ಅಲ್ಲಿಗೆ ಮುಗಿಯಿತು ಎಂದು ಸರ್ವೋತ್ತಮ ತಿಳಿದ.

ಮುಗಿದಿರಲಿಲ್ಲ. ಉಸ್ತುವಾರಿಯವನ ಬಾಯಿಂದ ಬಿದ್ದ ಮಾತು ನಿಯಮದ ಪಕ್ಕದಲ್ಲಿ ಹೋಗಿ ನಿಯಮದಂತೆಯೇ ಕೂತಿತ್ತು.

ಗುರುವಾರ, ಊಟದ ಹೊತ್ತಿಗೆ ಸ್ವಲ್ಪ ಮೊದಲು, ಹೊಸ ಕಂಟೈನರಿನ ಮೊದಲ ಸಾಲಿನ ಕಟ್ಟಿನ ಮೇಲೆ ಒಂದು ಜೇಡ. ಬೂದು ಬಣ್ಣ. ಮಾಸಿದ ಗೆರೆ. ಚುಕ್ಕೆ ಇಲ್ಲ.

"ಗೆರೆ?" ಎಂದರು ಹಿಂದಿನವರು.

"ಉಂಟು."

"ಚುಕ್ಕೆ?"

"ಊಟ ಆಗಿಲ್ಲ," ಎಂದು ಕೊರಗಪ್ಪ ರಟ್ಟು ಚಾಚಿದ. "ಬನ್ನಿ ಭಟ್ರೇ, ಹೊತ್ತಾಯ್ತು, ಎಲೆ ಹಾಕಿ ಆಗಿದೆ."

ಜೇಡ ರಟ್ಟು ದಾಟಿ ಅವನ ಕೈಗೆ ಓಡಿತು, ಹೆಬ್ಬೆರಳ ಬುಡಕ್ಕೆ ಕಚ್ಚಿತು. ಅವನು ಇನ್ನೊಂದು ಕೈಯಿಂದ ರಪ್ಪನೆ ಹೊಡೆದ. ಬಾಟಲಿಗೆ ಹೋದದ್ದು ಅರ್ಧ ಜೇಡ. ಹೊಟ್ಟೆಯ ಒಂದು ಬದಿ ಮಾತ್ರ ಹೊಟ್ಟೆಯಂತಿತ್ತು.

೨ (ಮತ್ತೊಮ್ಮೆ)

ಕ್ಲಿನಿಕ್ಕಿನ ಭಾಗವನ್ನು ನಾನು ಗಂಭೀರವಾಗಿ ಬರೆಯಲು ನೋಡಿದೆ. ಆಗಲಿಲ್ಲ. ಯಾಕೆಂದರೆ ಮಲಯಾಳಿ ಡಾಕ್ಟರು ಊದಿದ ಕೈ ನೋಡಿ, "ಕೌನ್ಸಾ ಮಕಡಿ? ವಿಚ್ ಸ್ಪೈಡರ್?" ಎಂದು ಕೇಳಿದಾಗ ಕೊರಗಪ್ಪ "ಭಟ್ರು" ಎಂದ. ಆನ್ಸೆಲ್ಮ್ "ಪಾರ್ಸನ್, ಡಾಕ್ಟರ್, ಪಾರ್ಸನ್" ಎಂದು ತಿದ್ದಿದ. ಡಾಕ್ಟರು ಇಬ್ಬರ ಮುಖವನ್ನೂ ನೋಡಿ ಮೊದಲು ಜ್ವರ ಪರೀಕ್ಷಿಸಿದರು. ಆಮೇಲೆ ಇಂಜೆಕ್ಷನ್, ಮಾತ್ರೆ, ಮಂಜುಗಡ್ಡೆ. ಈಗ ನೋಡಿದರೆ ಹೆದರುವಂಥದ್ದೇನಿಲ್ಲ, ಚರ್ಮ ಕಪ್ಪಾಗತೊಡಗಿದರೆ ಮಾತ್ರ ಕೂಡಲೇ ಬನ್ನಿ, ಎಂದರು.

ಹೊರಗೆ ಬಂದವನೇ ಕೊರಗಪ್ಪ, ಕಾಯುತ್ತಿದ್ದ ಸರ್ವೋತ್ತಮನಿಗೆ ಹೇಳಿದ: "ಖಲಾಸ್. ನನಗೆ ಸಾಕು ಸರ್ವಣ್ಣ. ವೀಸಾ ಕ್ಯಾನ್ಸಲ್ ಮಾಡಿಸಿ. ಊರಿಗೆ ಹೋಗ್ತೇನೆ. ಭಾವ ಕೇಟರಿಂಗಿಗೆ ಕರೀತಿದ್ದಾನೆ."

"ಎಂತದಾ? ಒಂದು ಜೇಡ ಕಚ್ಚಿದ್ದಕ್ಕಾ?"

"ಜೇಡ ಕಚ್ಚಿದ್ದಕ್ಕಲ್ಲ," ಎಂದಷ್ಟೇ ಹೇಳಿ, ಕೆಲಸದವರು ಉಳಿದುಕೊಳ್ಳುವ ಕ್ಯಾಂಪಿನ ಬಸ್ಸು ಹತ್ತಿದ.

ಕೊರಗಪ್ಪ ಹೋದರೆ ಬಾಗಿಲು ತೆರೆಯುವವರಿಲ್ಲ. ಅದು ಸಾಹೇಬರ ಚಿಂತೆ. ಸರ್ವೋತ್ತಮನದು ಬೇರೆ. ಊರಿನ ಬಸ್ಸು ಯಾವ ತಿರುವಿನಲ್ಲಿ ಹೇಗೆ ವಾಲುತ್ತದೆ ಎಂಬುದನ್ನು ಬಾಯಲ್ಲಿ ಸದ್ದು ಮಾಡಿ ತೋರಿಸಿ, ಬಿಸಿಲಿಗೆ ಬೆಂದ ಮಧ್ಯಾಹ್ನಗಳಲ್ಲಿ ಇಡೀ ಗೋದಾಮನ್ನು ನಗಿಸುವವನು ಕೊರಗಪ್ಪ. ಅಂಥವನು ತನ್ನ ತಮಾಷೆಯನ್ನು ನಂಬಿ ಕಚ್ಚಿಸಿಕೊಂಡು, ತನ್ನ ಮುಖ ನೋಡದೆ ಬಸ್ಸು ಹತ್ತಿದ್ದ.

೩

ಇಲ್ಲಿ ನಾನು ಕೊರಗಪ್ಪನ ಕೈಯನ್ನು ಕಪ್ಪು ಮಾಡಿದೆ.

ಸ್ವಲ್ಪವೇ. ಬೆರಳ ತುದಿಯಷ್ಟು. ಕಥೆಗೆ ಒಂದು ತೂಕ ಬರಲಿ ಎಂದು.

"ಹೋಯ್," ಎಂದ ಕೊರಗಪ್ಪ, ಕ್ಯಾಂಪಿನ ಮೇಲುಮಂಚದಿಂದ ಇಣುಕಿ. "ಇದೆಂತದು? ಈಗಷ್ಟೇ ಕೆಂಪು ಇತ್ತು."

"ಕಥೆಗೆ ಬೇಕಿತ್ತು," ಎಂದೆ.

"ನಿಮ್ಮ ಕೈಗೆ ಹಚ್ಕೊಳ್ಳಿ ಮಾರಾಯ್ರೆ. ನಾನು ಈ ಕೈಯಲ್ಲಿ ನಾಳೆ ಬಾಲ್ದಿ ನೀರು ಹಿಡಿಯಬೇಕು. ಇನ್ನೊಂದು, ನಾನು 'ಎಂದಷ್ಟೇ ಹೇಳಿ' ಬಸ್ಸು ಹತ್ತಿದೆ ಅಂತ ಬರ್ದಿದ್ದೀರಲ್ಲ. ನಾನು ಒಂದೇ ಮಾತು ಹೇಳಿ ಸುಮ್ಮನಾದವನಲ್ಲ. ಬಸ್ಸು ಬರುವವರೆಗೆ ಬೈದಿದ್ದೇನೆ. ಅದನ್ನೆಲ್ಲ ನುಂಗಿದ್ರಿ. ನನ್ನ ತುಳು ನಿಮ್ಮ ಕನ್ನಡಕ್ಕೆ ಬಂದ್ರೆ ಸ್ನಾನ ಮಾಡಿಕೊಂಡು ಬಂದ ಹಾಗೆ ಇರ್ತದೆ."

ಕೈಯನ್ನು ಮತ್ತೆ ಕೆಂಪು ಮಾಡಿದೆ. ಬೈಗುಳ ಸೇರಿಸಿಲ್ಲ, ಮನೆಯಲ್ಲಿ ಓದುವವರಿರುತ್ತಾರೆ.

೫

(೪ ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ಹುಲ್ಲಿನ ಕಟ್ಟಿಗೆ ಹಗ್ಗ ಬಿಗಿಯುವ ಬಗೆಯನ್ನು ವಿವರಿಸಿದ್ದೆ. ಆನ್ಸೆಲ್ಮನಿಗೆ ಓದಿ ಹೇಳಿದೆ. ಫೋರ್ಕ್‌ಲಿಫ್ಟಿನ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆದ.)

ಗುರುವಾರ ಸಂಜೆ ಬಾಟಲಿ ಅಲ್ ಕುಸೈಸಿನ ಮನೆಗೆ ಬಂತು. ಅಮಿತಾ ಅದನ್ನು ಊಟದ ಮೇಜಿನಿಂದ ಎತ್ತಿ ಚಪ್ಪಲಿ ಗೂಡಿನ ಮೇಲಿಟ್ಟಳು.

"ಮನೆಯೊಳಗೆ ಸತ್ತ ಜೇಡ ತರುವವರು ಉಂಟಾ? ಮೀನು ತನ್ನಿ ಅಂದಿದ್ದೆ."

"ಸತ್ತದ್ದಲ್ಲ ಅದು, ಸಾಕ್ಷಿ," ಎಂದ ಸರ್ವೋತ್ತಮ.

ಅಕ್ಷಿತಾ ಬಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. "ಅಪ್ಪ, ಸೋ ಕ್ಯೂಟ್."

"ಕಚ್ಚಿದೆ ಅದು, ಕ್ಯೂಟಂತೆ! ಇದು ಭಟ್ರೋ ಅಲ್ವೋ ನೋಡು ಸ್ವಲ್ಪ."

"ವಾಟ್ಸ್ ಭಟ್ರು?"

ಅವನು ಗೆರೆಯ ವಿಷಯ, ಚುಕ್ಕೆಯ ವಿಷಯ, ಊಟದ ವಿಷಯ ಎಲ್ಲ ಹೇಳಿದ. ಅವಳು ನಗಲಿಲ್ಲ. "ವೇಟ್. ನೀವು ಜೋಕ್ ಮಾಡಿದ್ರಿ, ಆ ಅಂಕಲ್ ಅದನ್ನು ಇನ್‌ಸ್ಟ್ರಕ್ಷನ್ ಅಂತ ತಗೊಂಡ್ರಾ?"

"ಹೌದು."

"ದಟ್ಸ್ ನಾಟ್ ಫನ್ನಿ, ಅಪ್ಪ."

"ಗೊತ್ತುಂಟು ಮಗಾ."

ಅವಳು ನಾಲ್ಕು ಕಡೆಯಿಂದ ಫೋಟೊ ತೆಗೆದು, ಅಮೆರಿಕದಲ್ಲಿ ಜೇಡದ ಹೆಸರು ಹೇಳುವವರ ಒಂದು ವೆಬ್‌ಸೈಟಿಗೆ ಹಾಕಿದಳು. ಅಲ್ಲಿ ಹಾಗೊಂದು ಲೋಕವೇ ಇತ್ತು: ಬಚ್ಚಲಿನಲ್ಲಿ, ಬೂಟಿನಲ್ಲಿ, ಮಗುವಿನ ತೊಟ್ಟಿಲಿನಲ್ಲಿ ಸಿಕ್ಕ ಜೇಡದ ಫೋಟೊ ಹಾಕಿ ಇದು ಯಾವುದು, ಇದು ಯಾವುದು ಎಂದು ಕೇಳುವವರು. ಸರ್ವೋತ್ತಮ ಮಗಳ ಹೆಗಲ ಮೇಲಿಂದ ನೋಡುತ್ತ, ತನಗೇ ತಿಳಿಯದಂತೆ ಹೇಳತೊಡಗಿದ: "ಇದು ಭಟ್ರು. ಇದು ವಿಭೂತಿ. ಇದೂ ಭಟ್ರು, ಚುಕ್ಕೆ ಸ್ವಲ್ಪ ಮಾಸಿದೆ." ಅಕ್ಷಿತಾ ಒಂದೊಂದನ್ನೂ ತೆರೆದು ಕೆಳಗಿನ ಉತ್ತರ ನೋಡಿದಳು. ಪ್ರತಿಯೊಂದೂ ಸರಿಯಿತ್ತು. "ಅಪ್ಪ! ಯು ಆರ್ ಗುಡ್!" ಸರ್ವೋತ್ತಮನಿಗೆ ಎಳ್ಳಷ್ಟೂ ಖುಷಿಯಾಗಲಿಲ್ಲ. ಬೇಕಾದ ಒಂದೇ ಒಂದು ಹೊಟ್ಟೆಯನ್ನು ಅವನು ಓದಲಾರದವನಾಗಿದ್ದ.

ಶುಕ್ರವಾರ ಬೆಳಿಗ್ಗೆ ಉತ್ತರ ಬಂದಿತ್ತು. ಆ ಗುರುತೆಲ್ಲ ಸಣ್ಣ ಕೂದಲಿನದ್ದು, ಹುಲ್ಲಿಗೆ ಉಜ್ಜಿ ಉಜ್ಜಿ ಉದುರಿಹೋಗುತ್ತದೆ; ಚುಕ್ಕೆ ಹೋಗಿರಬಹುದು, ಮೊದಲೇ ಇಲ್ಲದಿರಲೂಬಹುದು. ಜೇಡ ಜಜ್ಜಿಹೋಗಿದೆ. ಸರಿಯಾಗಿ ಹೇಳಬೇಕಾದರೆ ಸೂಕ್ಷ್ಮದರ್ಶಕದಡಿ ಇಟ್ಟೇ ನೋಡಬೇಕು.

"ಹಾಗಾದ್ರೆ ಭಟ್ರಾ ಅಲ್ವಾ?"

"ದೇ ಆರ್ ಸೇಯಿಂಗ್ ಪ್ರಾಬಬ್ಲಿ."

"ಪ್ರಾಬಬ್ಲಿ ಹೌದಾ, ಪ್ರಾಬಬ್ಲಿ ಅಲ್ಲವಾ?"

"ಜಸ್ಟ್ ಪ್ರಾಬಬ್ಲಿ, ಅಪ್ಪ."

೬

ಇಸ್ಮತುಲ್ಲಾ ಸಾಹೇಬರ ಫೋನು ಬಂದದ್ದು ಜುಮಾ ನಮಾಜು ಮುಗಿದ ಮೇಲೆ.

"ಸರ್ವೋತ್ತಮ, ನಾಳೆ ಕಂಟೈನರಿನ ಗಾಡಿ ಬರ್ತದೆ. ಕೊರಗಪ್ಪ ಏನಂತಾನೆ?"

"ಹೋಗ್ತೇನೆ ಅಂತಾನೆ ಸಾಹೇಬ್ರೆ. ಕಚ್ಚಿದ್ದು ವಿಷದ್ದೋ ಅಲ್ವೋ ಅಂತ ಮನಸ್ಸಲ್ಲಿ ಕೂತುಬಿಟ್ಟಿದೆ."

"ವಿಷದ್ದಲ್ಲ ಅಂತ ಹೇಳಿ ಬಿಡಿ. ಬಾತ್ ಖತಂ. ಅವನು ನಿಮ್ಮ ಮಾತು ಕೇಳ್ತಾನೆ."

"ಅದೇ ಕಷ್ಟ ಸಾಹೇಬ್ರೆ. ಕೇಳ್ತಾನೆ."

"ಯಲ್ಲಾ, ನೋಡಿ. ನಿಮಗೆ ಬಿಟ್ಟದ್ದು," ಎಂದು ಸಾಹೇಬರು ಫೋನು ಇಟ್ಟರು.

ಸರ್ವೋತ್ತಮ ಬಾಟಲಿಯನ್ನೂ ಗೋಡೆಯಿಂದ ಬಿಚ್ಚಿದ ಪಟವನ್ನೂ ಹಿಡಿದು ಕ್ಯಾಂಪಿಗೆ ಹೋದ. ರಜೆಯ ದಿನದ ಕ್ಯಾಂಪು. ಹಗ್ಗದ ತುಂಬ ಅಂಗಿಗಳು. ಯಾರದೋ ಕೋಣೆಯಿಂದ ಮೀನು ಹುರಿಯುವ ವಾಸನೆ. ಕೊರಗಪ್ಪ ನಲ್ಲಿಯ ಹತ್ತಿರ ಒಂದೇ ಕೈಯಲ್ಲಿ ಲುಂಗಿ ಹಿಂಡಲು ಹೆಣಗುತ್ತಿದ್ದ. ಸರ್ವೋತ್ತಮ ಬಾಟಲಿ, ಪಟ ಕೆಳಗಿಟ್ಟು ಇನ್ನೊಂದು ತುದಿ ಹಿಡಿದ. ಇಬ್ಬರೂ ತಿರುಚಿದರು. ನೀರು ಇಳಿಯಿತು.

"ಕೈ ಹೇಗಿದೆ?"

"ಇಳಿದಿದೆ. ತುರಿಸ್ತದೆ." ಕೊರಗಪ್ಪ ಲುಂಗಿ ಕೊಡವಿ ಹಗ್ಗಕ್ಕೆ ಹಾಕಿ ತಿರುಗಿದ. "ಒಂದೇ ಮಾತು ಹೇಳಿ ಸರ್ವಣ್ಣ. ಭಟ್ರೋ ಅಲ್ಲವೋ? ನೀವು ಹೌದು ಅಂದ್ರೆ ನಾಳೆ ಬಂದು ಬಾಗಿಲು ತೆಗೀತೇನೆ. ಅಲ್ಲ ಅಂದ್ರೆ ಆಸ್ಪತ್ರೆಗೆ ಹೋಗಿ ಊರಿಗೆ ಹೋಗ್ತೇನೆ. ಎರಡರಲ್ಲಿ ಒಂದು."

ಪ್ರಿಯ ಓದುಗರೇ, ಈಗ ಸರ್ವೋತ್ತಮ ಬಾಯಿ ತೆರೆಯಬೇಕು. ನನ್ನ ಬಳಿ ಮೂರು ಮುಕ್ತಾಯಗಳಿವೆ.

ಮೊದಲನೆಯದು. "ಹೌದು ಮಾರಾಯ, ಭಟ್ರೇ. ಚುಕ್ಕೆ ಉದುರಿದೆ ಅಷ್ಟೇ. ಅಮೆರಿಕದವರೇ ಹೇಳಿದ್ದಾರೆ." ಕೊರಗಪ್ಪ ನಗುತ್ತಾನೆ, ನಾಳೆ ಬರುತ್ತಾನೆ, ಎಲ್ಲರೂ ಸುಖವಾಗಿರುತ್ತಾರೆ. ಒಳ್ಳೆಯ ಮುಕ್ತಾಯ. ನಾನು 'ಹೌದು' ಎಂದು ಟೈಪು ಮಾಡಿದೆ. ಸರ್ವೋತ್ತಮನ ತುಟಿ ಅಲುಗಲಿಲ್ಲ.

"ಹೇಳು," ಎಂದೆ.

"ನಾನು ಹೇಳುವುದಿಲ್ಲ," ಎಂದ. "ನಾಡಿದ್ದು ಇನ್ನೊಂದು ಚುಕ್ಕೆ ಇಲ್ಲದ್ದು ಬಂದಾಗ ಅವ ಕೈ ಚಾಚ್ತಾನೆ. ಆಗ ನೀವು ಇರ್ತೀರಾ? ನಿಮ್ಮದು ಅಷ್ಟೊತ್ತಿಗೆ ಬೇರೆ ಕಥೆ."

ಎರಡನೆಯದು. "ಅಲ್ಲ. ಅದು ಪಿಟೀಲಿನದ್ದು." ಇದು ದುರಂತಕ್ಕೆ ಅನುಕೂಲ. ವಿಮಾನ ನಿಲ್ದಾಣ, ಬೀಳ್ಕೊಡುಗೆ, ಇತ್ಯಾದಿ. "ಅದೂ ಸುಳ್ಳೇ ಅಲ್ವಾ?" ಎಂದ ಸರ್ವೋತ್ತಮ. "ಗೆರೆ ಇತ್ತಲ್ಲ. ಪಿಟೀಲಿನದ್ದಕ್ಕೆ ಗೆರೆ ಎಲ್ಲಿಂದ ಬರ್ತದೆ? ನೀವು ಪಟ ಸರಿಯಾಗಿ ನೋಡಿಲ್ಲ."

ಮೂರನೆಯದನ್ನು ನಾನು ಬರೆಯುವ ಮೊದಲೇ ಅವನು ಹೇಳಿಬಿಟ್ಟ. ನನಗಲ್ಲ, ಕೊರಗಪ್ಪನಿಗೆ.

"ಗೊತ್ತಿಲ್ಲ."

"ಎಂತ?"

"ನನಗೆ ಗೊತ್ತಿಲ್ಲ ಕೊರಗಪ್ಪ. ಪಟ ನೋಡಿದೆ, ಬಾಟಲಿ ನೋಡಿದೆ, ಅಮೆರಿಕದವರಿಗೂ ಕೇಳಿಸಿದೆ. ಅವರಿಗೂ ಗೊತ್ತಿಲ್ಲ. ಬಹುಶಃ ಭಟ್ರೇ. ಆದ್ರೆ ಬಹುಶಃ ಅಂತ ಹೇಳಿ ನಿನ್ನ ಕೈಯನ್ನು ಒಳಗೆ ಹಾಕಿಸ್ಲಿಕ್ಕೆ ನನ್ನಿಂದಾಗುದಿಲ್ಲ."

"ಮತ್ತೆ ಆವತ್ತು ಊಟ ಆಗಿಲ್ಲ ಅಂದದ್ದು?"

"ತಮಾಷೆ. ಬಾಯಲ್ಲಿ ಅನ್ನ ಇತ್ತು, ಮಾತು ಬಂತು, ಆಡಿಬಿಟ್ಟೆ. ನೀನು ಅದನ್ನು ಹಿಡ್ಕೊಂಡು ಕೈ ಹಾಕ್ತೀಯ ಅಂತ ಗೊತ್ತಿದ್ರೆ ಅನ್ನದ ಜೊತೆ ನುಂಗ್ತಿದ್ದೆ."

ಕೊರಗಪ್ಪ ನಲ್ಲಿಯ ಕಟ್ಟೆಯ ಮೇಲೆ ಕೂತ. ಕಚ್ಚಿಸಿಕೊಂಡ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ನಾನು ಇಲ್ಲಿಗೆ ಬರುವಾಗ ಏಜೆಂಟ್ ಹೇಳಿದ್ದ, ಏನೂ ತೊಂದ್ರೆ ಇಲ್ಲ. ಕ್ಯಾಂಪಿನವ ಹೇಳಿದ, ಏನೂ ತೊಂದ್ರೆ ಇಲ್ಲ. ನಿನ್ನೆ ಡಾಕ್ಟ್ರೂ ಅದೇ. ನೀವು ಮಾತ್ರ ತೊಂದ್ರೆ ಇರ್ಬಹುದು ಅಂತಿದ್ದೀರಿ." ಅವನು ತಲೆ ಎತ್ತಿದ. "ಅಲ್ಲ ಸರ್ವಣ್ಣ, ಒಂದು ಸುಳ್ಳು ಹೇಳ್ಲಿಕ್ಕೂ ಬರುದಿಲ್ವಾ ನಿಮಗೆ? ಎಂತ ಸೂಪರ್‌ವೈಸರ್ ನೀವು?"

"ಬರ್ತದೆ. ಇವತ್ತು ಬರ್ಲಿಲ್ಲ."

ಕೊರಗಪ್ಪ ನಕ್ಕನೆಂದು ಬರೆಯಲು ನನಗೆ ಆಸೆ. ನಗಲಿಲ್ಲ. ಬಾಟಲಿ ಕೇಳಿ ತೆಗೆದುಕೊಂಡು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಪಟವನ್ನು ಮಡಿಕೆ ಬೀಳದಂತೆ ಗೋಡೆಗೊರಗಿಸಿಟ್ಟು, ಮಂಡಿಯ ಮೇಲೆ ಕೈಯಿಟ್ಟು ಕೂತು, ಮೊದಲ ಬಾರಿಗೆ ಇಂಗ್ಲಿಷಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸತೊಡಗಿದ. "ಈ ಉದ್ದದ ಶಬ್ದ ಎಂತ?" ಎಂದು ಕೇಳಿದ. ಸರ್ವೋತ್ತಮ ಬಗ್ಗಿ ನೋಡಿದ. ಅವನಿಗೂ ಗೊತ್ತಿರಲಿಲ್ಲ. ಅಕ್ಷಿತಾಳಿಗೆ ಫೋನು ಹಚ್ಚಿ ಅಕ್ಷರ ಅಕ್ಷರವಾಗಿ ಓದಿ ಹೇಳಿದರು.

"ಇಟ್ ಮೀನ್ಸ್ ಹಿಂದಿನ ತುದಿ ಅಂಕಲ್," ಎಂದಳು ಅವಳು, "ಅಲ್ಲಿ ಎರಡು ಪೈಪ್ ಥರ ಇರ್ತದಂತೆ, ಸ್ವಲ್ಪ ದೂರ ದೂರ. ನೂಲು ಬರೋದು ಅಲ್ಲಿಂದ. ಅದು ಇದ್ರೆ ಗ್ರೌಂಡ್ ಸ್ಪೈಡರ್ ಇರ್ಬಹುದು."

ಇಬ್ಬರೂ ಬಾಟಲಿ ತಿರುಗಿಸಿದರು. ಹಿಂದಿನ ತುದಿ ಕೊರಗಪ್ಪನ ಅಂಗೈಯ ಪೆಟ್ಟಿಗೆ ಸಿಕ್ಕಿ ನಿನ್ನೆಯೇ ಇಲ್ಲವಾಗಿತ್ತು.

"ನೀನು ಹೊಡೆಯುವಾಗ ಸ್ವಲ್ಪ ನೋಡಿ ಹೊಡೀಬೇಕಿತ್ತು," ಎಂದ ಸರ್ವೋತ್ತಮ.

ಈಗ ನಕ್ಕ. (ನಾನು ನಗಿಸಿದ್ದಲ್ಲ.)

೭

ಶನಿವಾರ. ಕೊರಗಪ್ಪ ಬಸ್ಸಿನಿಂದ ಇಳಿದ.

ಇಲ್ಲಿಗೆ ನಿಲ್ಲಿಸಬಹುದು. ನಿಲ್ಲಿಸಿದರೆ ನೀವು ಸಮಾಧಾನದಿಂದ ಪುಟ ಮಗುಚುತ್ತೀರಿ: ಅಂತೂ ಉಳಿದ, ಸತ್ಯ ಗೆದ್ದಿತು. ಆದರೆ ಅವನು ಇಳಿದವನೇ ಹೇಳಿದ: "ಉಳೀತೇನೆ ಅಂತ ಹೇಳಿಲ್ಲ ನಾನು. ಇವತ್ತು ಬಂದಿದ್ದೇನೆ. ನಾಳೆಯ ವಿಷಯ ನಾಳೆ." ಕೈಯಲ್ಲಿ ಕ್ಯಾಂಪಿನ ಅಡುಗೆಯವನಿಂದ ಕೇಳಿ ತಂದ, ಚಪಾತಿ ಮಗುಚುವ ಉದ್ದನೆಯ ಇಕ್ಕಳ. "ಮತ್ತೆ ಬಾಗಿಲ ಹತ್ತಿರ ತಮಾಷೆ ಇಲ್ಲ. ತಮಾಷೆ ಬೇಕಾದ್ರೆ ಅಲ್ಲಿ, ಕ್ಯಾಂಟೀನಿನಲ್ಲಿ. ನಾನು ಕೈ ಹಾಕುವ ಮೊದಲು ನೀವೂ ಬಂದು ನೋಡಬೇಕು ಸರ್ವಣ್ಣ. ಇಬ್ರಿಗೂ ಕಾಣಬೇಕು. ಒಬ್ರಿಗೆ ಕಾಣದಿದ್ರೆ ಕೋಲು."

"ಆಯ್ತು."

"ನನಗೂ ಕಾಣಬೇಕಾ?" ಎಂದ ಆನ್ಸೆಲ್ಮ್, ಫೋರ್ಕ್‌ಲಿಫ್ಟಿನ ಮೇಲಿನಿಂದ.

"ನಿನಗೆ ಎಲ್ಲ ಪಾದ್ರಿಯೇ ಕಾಣುದು. ನೀನು ಅಲ್ಲೇ ಕೂತುಕೋ."

ಸೀಲು ಒಡೆದರು. ಸರಳು ಎಳೆದರು. ಬಾಗಿಲು ಕಿರ್ರೆಂದು ತೆರೆಯಿತು. ಬೆಲ್ಲ ಬೆರೆಸಿದ ಚಹಾಪುಡಿಯ ಪರಿಮಳ ಹೊರಗೆ ಬಿತ್ತು. ಈ ಸಲ ಯಾರೂ ನಿಂತು ಮೂಸಲಿಲ್ಲ. ಮೊದಲ ಸಾಲಿನ ನಡುವಿನ ಕಟ್ಟಿನ ಅಂಚಿನಲ್ಲಿ, ಹಗ್ಗ ಹುಲ್ಲಿಗೆ ಕಚ್ಚಿಕೊಂಡಿರುವ ಜಾಗದಲ್ಲಿ, ಬೂದು ಬಣ್ಣದ ಏನೋ ಒಂದು ಮುದುಡಿ ಕೂತಿತ್ತು.

ಕೊರಗಪ್ಪ ಇಕ್ಕಳ ಕೆಳಗಿಟ್ಟು ಬಗ್ಗಿದ. ಸರ್ವೋತ್ತಮ ಕನ್ನಡಕ ಒರೆಸಿಕೊಂಡು ಪಕ್ಕದಲ್ಲಿ ಬಗ್ಗಿದ. ಹಿಂದಿನವರು ಒಂದು ಹೆಜ್ಜೆ ಸರಿದು ಜಾಗ ಬಿಟ್ಟರು.

"ಗೆರೆ?" ಎಂದು ಯಾರೋ ಮೆಲ್ಲನೆ ಕೇಳಿದರು.

"ತಡಿ," ಎಂದ ಕೊರಗಪ್ಪ.

"ಗೆರೆ ಉಂಟು," ಎಂದ ಸರ್ವೋತ್ತಮ. "ನಿನಗೆ ಕಾಣ್ತದಾ?"

"ಕಾಣ್ತದೆ. ಚುಕ್ಕೆ?"

ನನಗೂ ಕುತೂಹಲ ತಡೆಯಲಾಗಲಿಲ್ಲ. ನಿಮಗೆ ಖಚಿತವಾಗಿ ಹೇಳಿಬಿಡೋಣವೆಂದು ಅವರಿಬ್ಬರ ಹೆಗಲುಗಳ ನಡುವಿನಿಂದ ಕತ್ತು ತೂರಿಸಿದೆ.

ಇಬ್ಬರೂ ಒಟ್ಟಿಗೆ ತಿರುಗಿದರು.

"ಸ್ವಲ್ಪ ಆಚೆ ಸರೀರಿ ಮಾರಾಯ್ರೆ," ಎಂದ ಕೊರಗಪ್ಪ. "ಬೆಳಕಿಗೆ ಅಡ್ಡ ನಿಂತಿದ್ದೀರಿ."

ಸರಿದಿದ್ದೇನೆ. ಇಲ್ಲಿಂದ ನನಗೆ ಕಾಣುವುದು ಬಗ್ಗಿದ ಎರಡು ಬೆನ್ನುಗಳು ಮಾತ್ರ. ಇನ್ನೂ ನೋಡುತ್ತಿದ್ದಾರೆ, ಆತುರವಿಲ್ಲ.